ನಾಲ್ಕೂವರೆ ಪಾಯಿಂಟಿನ ಪವಾಡ

ಆ ಶನಿವಾರ ಬೆಳಿಗ್ಗೆ ಎಲ್ಡನ್ ಹೆಗ್ ಹಾಸ್ಟೆಲಿನ ಮಂಚದ ತುದಿಯಲ್ಲಿ ಕೂತು, ದಪ್ಪ ಅಟ್ಟೆಯ ಎಡಗಾಲಿನ ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಬರೀ ತಲೆಯಾಡಿಸಿದರೂ ಅದು ಸುಳ್ಳು ಹೇಳಿದಂತಾಗುತ್ತದೆಯೇ ಎಂದು ಯೋಚಿಸುತ್ತಿದ್ದ. ಬಾಯಿಬಿಟ್ಟು ಆಡಿದ್ದೆಲ್ಲ ನಿಜವೇ. ಸೂಪರ್ ಮಾರ್ಕೆಟ್ಟಿನಲ್ಲಿ ಆ ಮುದುಕಿ ಕೇಳಿದ ಪ್ರಶ್ನೆಗಳನ್ನೂ ತಾನು ಕೊಟ್ಟ ಉತ್ತರಗಳನ್ನೂ ವಾರದುದ್ದಕ್ಕೂ ಒಂದರ ಪಕ್ಕ ಒಂದು ಜೋಡಿಸಿ ನೋಡಿದ್ದ. ಯಾವ ನ್ಯಾಯಾಧೀಶನೂ ಬೆರಳಿಡುವಂಥ ಜಾಗ ಕಾಣಿಸಿರಲಿಲ್ಲ. ಆದರೆ ತಲೆ? ಅದು ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ಆಡಿತ್ತು, ಸಂತೆಯಲ್ಲಿ ಮಾರುವ ಗೊಂಬೆಯ ತಲೆಯ ಹಾಗೆ. ಕಿಟಕಿಯ ಹೊರಗೆ ಹಿಮ ಎತ್ತುವ ಯಂತ್ರ ಗೊರಗೊರ ಎನ್ನುತ್ತ ದಾರಿ ಬಿಡಿಸುತ್ತಿತ್ತು. ರಸ್ತೆಗಳೆಲ್ಲ ಹಿಮದಿಂದ ಮುಚ್ಚಿಹೋಗಿ ಬಸ್ಸುಗಳು ನಿಂತುಬಿಡಲಿ ಎಂದು ಅವನು ರಾತ್ರಿ ಹಾರೈಸಿದ್ದು ಫಲಿಸಿರಲಿಲ್ಲ.

ಬಸ್ಸುಗಳೆಂದರೆ ಒಂದೇ ಬಸ್ಸು, ಮಿಸೆಸ್ ಟಟಲ್ ಅವರ ಚರ್ಚಿನದು. ಆಕೆಯನ್ನು ಮೊದಲು ನೋಡಿದ್ದು ಕಳೆದ ತಿಂಗಳ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿದ ಮೇಲೆ. ಆಟದ ಗಾಲಿಕುರ್ಚಿಯಲ್ಲೇ ಬೆವರು ಒರೆಸಿಕೊಳ್ಳುತ್ತ ಕೂತಿದ್ದ ಅವನ ಮುಂದೆ ಉಣ್ಣೆಯ ಟೊಪ್ಪಿಗೆಯ ಮುದುಕಿಯೊಬ್ಬಳು ಬಗ್ಗಿ ನಿಂತು, ಅವನ ಎರಡೂ ಮಂಡಿಗಳ ಮೇಲೆ ಕೈಯಿಟ್ಟು, “ಅಪ್ಪಾ ದೇವರೇ, ಈ ಕಂದನನ್ನ ಎಬ್ಬಿಸು” ಎಂದು ಕಣ್ಣು ಮುಚ್ಚಿದ್ದಳು. ಆಗಲೇ ಹೇಳಬಹುದಿತ್ತು: ಅಮ್ಮಾ, ನಾನು ಏಳುತ್ತೇನೆ, ನಡೆಯುತ್ತೇನೆ, ಇಲ್ಲಿಗೆ ನಡೆದುಕೊಂಡೇ ಬಂದೆ. ಆದರೆ ಆಕೆಯ ಕೈ ಬೆಚ್ಚಗಿತ್ತು, ಲ್ಯಾವೆಂಡರ್ ಕ್ರೀಮಿನ ವಾಸನೆಯಿತ್ತು, ತಂಡ ಸೋತಿತ್ತು, ಅಷ್ಟು ಹೊತ್ತು ಯಾರೂ ಅವನನ್ನು ಮುಟ್ಟಿ ಸಮಾಧಾನ ಹೇಳಿರಲಿಲ್ಲ. ಅವನೂ ಕಣ್ಣು ಮುಚ್ಚಿದ. ಹೋದ ವಾರ ಸೂಪರ್ ಮಾರ್ಕೆಟ್ಟಿನಲ್ಲಿ ಅವನು ಬಲಗಾಲಿನ ತುದಿಬೆರಳ ಮೇಲೆ ನಿಂತು, ಮೇಲಿನ ಹಲಗೆಯ ಹಿಂಭಾಗಕ್ಕೆ ಸರಿದಿದ್ದ ಪೀನಟ್ ಬಟರ್ ಡಬ್ಬಿಗೆ ಕೈ ಚಾಚಿದ್ದಾಗ ಹಿಂದಿನಿಂದ ಏನೋ ಬಿದ್ದು ಒಡೆದ ಸದ್ದು. ತಿರುಗಿದರೆ, ನೆಲದ ತುಂಬ ಉಪ್ಪಿನಕಾಯಿ ರಸ, ಅದರ ನಡುವೆ ಎರಡೂ ಕೈ ಬಾಯಿಗೆ ಒತ್ತಿಕೊಂಡು ಮಿಸೆಸ್ ಟಟಲ್.

“ಎದ್ದು ನಿಂತಿದೀಯಲ್ಲೋ ಕಂದಾ!”

“ಹೌದಮ್ಮಾ.”

“ಯಾವಾಗಿಂದ?”

“ಬೆಳಗ್ಗೆಯಿಂದ” ಎಂದ ಎಲ್ಡನ್. ಹಾಸಿಗೆಯಿಂದ ಎದ್ದದ್ದು ಬೆಳಗ್ಗೆಯೇ ತಾನೆ.

ಆಕೆ ಅಳತೊಡಗಿದಳು. ಮಾಂಸ ಕತ್ತರಿಸುವವನು ಕತ್ತಿ ಕೆಳಗಿಟ್ಟು ಬಂದ. ಬಿಯರ್ ಪೆಟ್ಟಿಗೆ ಹೊತ್ತಿದ್ದ ದೈತ್ಯನೊಬ್ಬ ಪೆಟ್ಟಿಗೆಯನ್ನು ಇಳಿಸಿ ಟೋಪಿ ತೆಗೆದ. “ಈ ಮಗು ಗಾಲಿಕುರ್ಚಿಯಲ್ಲಿತ್ತು, ನನ್ನ ಕಣ್ಣಾರೆ ನೋಡಿದೀನಿ, ಈ ಕೈಯಲ್ಲೇ ಮುಟ್ಟಿ ಬೇಡ್ಕೊಂಡಿದೀನಿ” ಎಂದು ಆಕೆ ಎಲ್ಲರಿಗೂ ಕೈ ತೋರಿಸಿದಳು. ಎಲ್ಲರೂ ಮೊದಲು ಆ ಕೈಯನ್ನೂ ಆಮೇಲೆ ಎಲ್ಡನ್ನನ ಕಾಲನ್ನೂ ನೋಡಿದರು. “ಹೌದೇನಪ್ಪಾ?” ಎಂದು ದೈತ್ಯ ಕೇಳಿದ. ಆಗಲೇ ತಲೆ ಆಡಿದ್ದು. ಯಾರೋ ಚಪ್ಪಾಳೆ ತಟ್ಟಿದರು. ಡಬ್ಬಿಯನ್ನು ಹಲಗೆಯಿಂದ ಇಳಿಸಿಕೊಟ್ಟರು. ದುಡ್ಡು ಕೊಡಲು ಹೋದಾಗ ಅವನು ಕುಂಟುವುದನ್ನು ನೋಡಿ, “ಹೊಸ ಕಾಲಲ್ವಾ, ನಿಧಾನ ನಿಧಾನ” ಎಂದು ಮಾಂಸದವನು ತೋಳು ಹಿಡಿದು ನಡೆಸಿದ. ಇಪ್ಪತ್ತೊಂದು ವರ್ಷದ ಎಲ್ಡನ್, ಹದಿನೈದು ವರ್ಷದಿಂದ ಕುಂಟಿಯೇ ಓಡಾಡುತ್ತಿದ್ದವನು, ಅಂದು ಬಾಗಿಲಿನವರೆಗೂ ಎಳೆಗೂಸಿನ ಹಾಗೆ ಹೆಜ್ಜೆ ಇಟ್ಟಿದ್ದ. ಅವರಿಗೆ ಬೇಸರವಾಗಬಾರದೆಂದು ಒಮ್ಮೆ ಬೇಕೆಂದೇ ತುಸು ವಾಲಿದ್ದ ಕೂಡ. ಅದು ನೆನಪಾದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ತಲೆಯಾಡಿಸಿದ್ದಕ್ಕೆ ಏನಾದರೂ ಸಬೂಬು ಹೇಳಬಹುದು. ವಾಲಿದ್ದಕ್ಕೆ ಏನು ಹೇಳುವುದು?

ಸೋಮವಾರ ಫೋನಿನಲ್ಲಿ ಆಕೆಯ ದನಿ ಕಾಯುತ್ತಿತ್ತು. ಭಾನುವಾರ ಚರ್ಚಿನಲ್ಲಿ ತನಗೆ ಮೈಕು ಕೊಟ್ಟರಂತೆ. ಇಷ್ಟು ಕಾಲ ನೆಲಮಾಳಿಗೆಯಲ್ಲಿ ಕಾಫಿ ಕಾಸುತ್ತಿದ್ದವಳನ್ನು ಮೇಲೆ ಕರೆದು, ಎಲ್ಲರೆದುರು ಮಾತಾಡಿಸಿದರಂತೆ. ಪಾದ್ರಿ ಅತ್ತರಂತೆ. ಶನಿವಾರದ ಪಂದ್ಯಕ್ಕೆ ಇಡೀ ಬಸ್ಸು ತುಂಬಿಕೊಂಡು ಬರುತ್ತೇವೆ, ನೀನು ಗೆಳೆಯರನ್ನು ಹುರಿದುಂಬಿಸಲು ಬಂದಿರುತ್ತೀಯಲ್ಲ, ಬಾಗಿಲ ಹತ್ತಿರ ನಿಂತಿರು, ಎಲ್ಲರಿಗೂ ನಿನ್ನನ್ನು ನಿಂತಂತೆ ನೋಡುವ ಆಸೆ ಎಂದಿತ್ತು ದನಿ. ಅವನು ಆಡುತ್ತಾನೆಂಬುದು ಆಕೆಯ ತಲೆಗೇ ಬಂದಿರಲಿಲ್ಲ. ವಾಸಿಯಾದವನು ಗಾಲಿಕುರ್ಚಿಯಲ್ಲಿ ಯಾಕೆ ಆಡುತ್ತಾನೆ?

ಅದೇ ಪ್ರಶ್ನೆ ಎಲ್ಡನ್ನನಿಗೂ ಆಗಾಗ ಬರುತ್ತಿತ್ತು. ಬೂಟಿನ ಲೇಸು ಬಿಗಿಯುತ್ತಿದ್ದ ಅವನಿಗೆ ಆರನೇ ವಯಸ್ಸಿನ ಆಸ್ಪತ್ರೆಯ ಹಸಿರು ಗೋಡೆ ಕಂಡಿತು. ಸೊಂಟದ ಕೀಲಿಗೆ ರಕ್ತ ಹರಿಯುವುದು ನಿಂತು ಮೂಳೆ ಸವೆದು, ಕೊನೆಗೆ ಕೀಲನ್ನೇ ಬೆಸೆದು ಕಳಿಸಿದ್ದರು. ಎಡಗಾಲು ಗಿಡ್ಡವಾಗಿ ಉಳಿಯಿತು. ನಡೆಯಬಹುದು, ಓಡಲಾಗದು. ನಿಲ್ಲಬಹುದು, ಬಹಳ ಹೊತ್ತು ನಿಂತರೆ ಸೊಂಟದೊಳಗೆ ಯಾರೋ ತಿರುಪು ಬಿಗಿದಂತಾಗುತ್ತದೆ. ಶಾಲೆಯ ಆಟದ ಮೇಷ್ಟ್ರು ಅವನನ್ನು ಯಾವ ತಂಡಕ್ಕೂ ಸೇರಿಸದೆ, ಕೊರಳಿಗೆ ಸೀಟಿ ನೇತುಹಾಕಿ, “ನೀನೇ ರೆಫ್ರಿ, ಊದು” ಎಂದಿದ್ದರು. ಅವನು ಊದಿದರೆ ಯಾರೂ ನಿಲ್ಲುತ್ತಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಬಂದ ಮೊದಲ ವಾರ ಊಟದ ಮನೆಯಲ್ಲಿ ತಟ್ಟೆ ಹಿಡಿದು ಕುಂಟುತ್ತ ಹೋಗುತ್ತಿದ್ದಾಗ ಗಡುಸು ದನಿಯ ಹೆಂಗಸೊಬ್ಬಳು ಅಡ್ಡ ಬಂದು, “ನಿನ್ನ ಕಾಲಿಗೆ ಏನಾಗಿದೆ?” ಎಂದಿದ್ದಳು. ಆ ಪ್ರಶ್ನೆಯನ್ನು ಜನ ಮರುಕದಿಂದ ಕೇಳುವುದನ್ನು ಅವನು ಕಂಡಿದ್ದ, ಕುತೂಹಲದಿಂದ ಕೇಳುವುದನ್ನೂ ಕಂಡಿದ್ದ. ಆಸೆಬುರುಕತನದಿಂದ ಕೇಳಿದವರನ್ನು ಕಂಡದ್ದು ಅದೇ ಮೊದಲು. ಉತ್ತರ ಕೇಳಿ ಆಕೆಯ ಕಣ್ಣು ಮಿನುಗಿತು. “ಕೀಲು ಬೆಸೆದಿದಾರಾ? ಪೂರ್ತಿ? ಭೇಷ್! ತೋಳು ತೋರಿಸು” ಎಂದಳು. ಆಕೆಯೇ ಗಾಲಿಕುರ್ಚಿ ತಂಡದ ಕೋಚ್ ಡೆಂಕರ್.

ಜಿಮ್ಮಿಗೆ ಹೋಗುವ ದಾರಿಯಲ್ಲಿ ಅವನು ನೀರಿನ ದೊಡ್ಡ ಡಬ್ಬವನ್ನು ಹೊತ್ತಿದ್ದ. ತಂಡದಲ್ಲಿ ಡಬ್ಬ ಹೊರುವುದು, ಮೇಲಿನ ಕಪಾಟಿನಿಂದ ಚೆಂಡು ಇಳಿಸುವುದು, ದೀಪ ಬದಲಿಸುವುದು ಎಲ್ಲ ಅವನ ಪಾಲಿನದು. ಇಲ್ಲಿ ಒಬ್ಬೊಬ್ಬರ ದೇಹಕ್ಕೂ ಒಂದು ಅಂಕೆ ಕೊಟ್ಟಿರುತ್ತಾರೆ: ತೋಳು ಬಿಟ್ಟು ಬೇರೇನೂ ಅಲ್ಲಾಡಿಸಲಾಗದವನಿಗೆ ಒಂದು, ಹೆಚ್ಚೂಕಡಿಮೆ ಎಲ್ಲ ಆಗುವವನಿಗೆ ನಾಲ್ಕೂವರೆ, ಅಂಗಳದಲ್ಲಿರುವ ಐವರ ಮೊತ್ತ ಹದಿನಾಲ್ಕು ಮೀರುವಂತಿಲ್ಲ. ಎಲ್ಡನ್ ನಾಲ್ಕೂವರೆ. ಹೊರಗೆ ಎಲ್ಲರಿಗಿಂತ ಕಡಿಮೆಯಾದವನು ಇಲ್ಲಿ ಎಲ್ಲರಿಗಿಂತ ಹೆಚ್ಚಾಗಿಬಿಟ್ಟಿದ್ದ. ಮೊದಮೊದಲು ಅದು ಖುಷಿ ಕೊಟ್ಟಿತ್ತು. ಆಮೇಲೆ ಅದೂ ಒಂದು ಬಗೆಯ ಕಳ್ಳತನವೆನಿಸತೊಡಗಿತು. ವಿಮಾನದಲ್ಲಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಎತ್ತಿ ಕೂರಿಸುವಾಗ ಇವನು ಚೀಲ ಹಿಡಿದು ನಡೆದು ಹೋದರೆ, ಗಗನಸಖಿ ಇವನನ್ನು ಸಹಾಯಕನೆಂದುಕೊಂಡು ಬೇರೆಯವರ ಕೋಟುಗಳನ್ನು ಕೈಗೆ ಕೊಡುತ್ತಿದ್ದಳು. ಇವನು ಇಸಿದುಕೊಳ್ಳುತ್ತಿದ್ದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ವಿನ್ಸಿ ಒಬ್ಬನೇ ಇದ್ದ, ತನ್ನ ಕಾಲುಗಳನ್ನು ಒಂದೊಂದಾಗಿ ಎತ್ತಿ ಕುರ್ಚಿಯ ಪಟ್ಟಿಯೊಳಗೆ ಸೇರಿಸುತ್ತಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಏನೂ ತಿಳಿಯದ ಕ್ವಿನ್ಸಿ ಒಂದು ಪಾಯಿಂಟಿನವನು. ಅವನ ನಾಲಿಗೆಗೆ ಅಂಕೆ ಕೊಡುವಂತಿದ್ದರೆ ಇಡೀ ಹದಿನಾಲ್ಕೂ ಅದಕ್ಕೇ ಹೋಗುತ್ತಿತ್ತು.

“ಬಾರೋ ಏಣಿ. ಯಾಕೋ ಹೆಣದ ಹಾಗೆ ಕಾಣ್ತೀಯ?”

ಎಲ್ಡನ್ ಡಬ್ಬ ಇಳಿಸಿ ಎಲ್ಲವನ್ನೂ ಹೇಳಿಬಿಟ್ಟ. ಉಪ್ಪಿನಕಾಯಿ, ಮಾಂಸದವನು, ಮೈಕು, ಬಸ್ಸು. ವಾಲಿದ್ದನ್ನು ಮಾತ್ರ ಬಿಡಬೇಕೆಂದಿದ್ದ, ಅದೂ ಬಾಯಿಂದ ಬಿದ್ದುಹೋಯಿತು. ಕ್ವಿನ್ಸಿ ನಗತೊಡಗಿದ. ನಗುತ್ತ ನಗುತ್ತ ಮುಂದಕ್ಕೆ ಮಡಚಿಕೊಂಡ, ಹಣೆ ಮಂಡಿಗೆ ತಾಗಿತು. ಮೇಲೇಳಲು ಹೊಟ್ಟೆಯಲ್ಲಿ ಬಲವಿಲ್ಲ.

“ಎತ್ತೋ, ಎತ್ತೋ ನನ್ನ, ಉಸಿರು ಕಟ್ತಿದೆ!”

ಎಲ್ಡನ್ ಭುಜ ಹಿಡಿದು ಎತ್ತಿ ಕೂರಿಸಿದ. ಕಣ್ಣೊರೆಸಿಕೊಂಡು ಕ್ವಿನ್ಸಿ, “ವಾಲಿದ್ಯಾ? ನಿಜವಾಗ್ಲೂ ವಾಲಿದ್ಯಾ?” ಎಂದವನೇ ಮತ್ತೆ ಮಡಚಿಕೊಂಡ. ಇನ್ನೊಮ್ಮೆ ಎತ್ತಬೇಕಾಯಿತು.

“ಇವತ್ತು ನಾನು ಆಡಲ್ಲ ಅಂತ ಕೋಚ್‌ಗೆ ಹೇಳ್ಬಿಡ್ತೀನಿ. ಆ ಅಜ್ಜಿ ಮರ್ಯಾದೆ ಹೋಗುತ್ತೆ ಕಣೋ. ಅಷ್ಟು ಜನರ ಮುಂದೆ.”

ಕ್ವಿನ್ಸಿಯ ನಗು ನಿಂತಿತು. “ನೋಡು, ಇದು ನನ್ನ ಕೊನೇ ವರ್ಷ. ಇವತ್ತು ಗೆದ್ರೆ ರಾಷ್ಟ್ರೀಯ ಟೂರ್ನಿ, ಸೋತ್ರೆ ಸೀದಾ ಮನೆ. ನೀನೇನಾದ್ರೂ ಆಡ್ಲಿಲ್ಲ ಅಂದ್ರೆ ನಿನ್ನ ಆ ಗಿಡ್ಡ ಕಾಲಿಗೆ ಉದ್ದ ಕಾಲನ್ನೂ ಸರಿಸಮ ಮಾಡ್ತೀನಿ. ಅಷ್ಟಕ್ಕೂ ನಿನಗೆ ನಾಚಿಕೆ ಯಾವುದಕ್ಕೆ? ನಡೆಯೋದಕ್ಕಾ, ಸರಿಯಾಗಿ ನಡೆಯಕ್ಕಾಗದೇ ಇರೋದಕ್ಕಾ?”

ಎಲ್ಡನ್ ಯೋಚಿಸಿದ. “ಎರಡಕ್ಕೂ.”

“ಯಾವುದಾದ್ರೂ ಒಂದನ್ನ ಆರಿಸ್ಕೊಳ್ಳೋ. ಎರಡಕ್ಕೂ ನಾಚ್ಕೊಂಡು ಕೂತ್ರೆ ಊಟ ಯಾವಾಗ ಮಾಡ್ತೀಯ?”

ಅಂಗಳಕ್ಕೆ ಇಳಿದಾಗ ಅವನು ಕ್ವಿನ್ಸಿಯ ಹಿಂದೆ ಅಡಗುವಷ್ಟು ಬಗ್ಗಿ ಕುರ್ಚಿ ತಳ್ಳುತ್ತಿದ್ದ. ಪ್ರಯೋಜನವಾಗಲಿಲ್ಲ. ಮೊದಲ ಸಾಲಿನಿಂದ ಹಿಡಿದು ಮೂರು ಸಾಲು ಚರ್ಚಿನವರೇ. ಹಾಸಿಗೆ ಹೊದಿಕೆಯೊಂದರ ಮೇಲೆ ‘ಅವನು ನಡೆದ!’ ಎಂದು ಕೆಂಪು ಬಣ್ಣದಲ್ಲಿ ಬರೆದು ಎರಡು ತುದಿ ಹಿಡಿದು ನಿಂತಿದ್ದರು. ಅದರ ಕೆಳಗೆ ಗಾಲಿಕುರ್ಚಿಯಲ್ಲಿ ಅವನು ಹಾದುಹೋದ. ಮಿಸೆಸ್ ಟಟಲ್‌ಳ ಮುಖವನ್ನು ಅವನು ನೋಡಬಾರದೆಂದುಕೊಂಡೇ ನೋಡಿದ. ಆಕೆ ಒಂದು ಕ್ಷಣ ಏನೂ ಅರ್ಥವಾಗದವಳಂತೆ ನಿಂತು, ಆಮೇಲೆ ಪಕ್ಕದ ಪಾದ್ರಿಗೆ ಏನೋ ಹೇಳಿದಳು. ಪಾದ್ರಿ, ಎತ್ತರದ, ಕೆಂಪು ಮುಖದ ಮನುಷ್ಯ, ಹಿಂದೆ ತಿರುಗಿ ಎಲ್ಲರಿಗೂ ಗಟ್ಟಿಯಾಗಿ ಹೇಳಿದ: “ಮತ್ತೆ ಬಿದ್ದಿದೆ ಮಗು! ನಂಬಿಕೆ ಸಡಿಲಾಗಿದೆ! ಎಲ್ಲ ಸೇರಿ ಎಬ್ಬಿಸೋಣ!”

ಎದುರಾಳಿ ಮಿಲ್‌ಬ್ರೂಕ್‌ನವರ ತಂಡ ಬಲವಾದದ್ದೇ. ಆದರೂ ಮೊದಲರ್ಧದಲ್ಲಿ ಎಲ್ಡನ್ನನಿಗೆ ಯಾರ ಮುಖವೂ ನೆನಪಿರಲಿಲ್ಲ; ಕುರ್ಚಿಗೆ ಕುರ್ಚಿ ಡಿಕ್ಕಿ ಹೊಡೆಯುವ ಕಬ್ಬಿಣದ ಸದ್ದು, ಸುಟ್ಟ ರಬ್ಬರಿನ ವಾಸನೆ, ಅಂಗೈಯ ಉರಿ, ಅಷ್ಟೇ. ಕ್ವಿನ್ಸಿ ಎದುರಾಳಿಯ ದಾರಿಗೆ ಅಡ್ಡ ಕುರ್ಚಿ ನಿಲ್ಲಿಸಿ, “ನುಗ್ಗೋ ಏಣಿ!” ಎಂದು ಕಿರುಚಿದಾಗ ಬಿರುಕೊಂದು ತೆರೆಯುತ್ತಿತ್ತು, ಇವನು ಅದರೊಳಗೆ ಗಾಳಿಯ ಹಾಗೆ ನುಗ್ಗುತ್ತಿದ್ದ. ಓಡುವುದೆಂದರೆ ಹೀಗೇ ಇರಬೇಕು ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು. ಆದರೆ ಚರ್ಚಿನವರು ಬಿಡಲಿಲ್ಲ. ಇವನ ಕೈಗೆ ಚೆಂಡು ಬಂದಾಗಲೆಲ್ಲ ಮೂರು ಸಾಲೂ ಒಂದೇ ಉಸಿರಿಗೆ ಕೂಗುತ್ತಿತ್ತು: “ಎದ್ದೇಳು! ಎದ್ದೇಳು!” ಬ್ಯಾಂಡಿನವರಿಗೆ ಆ ತಾಳ ಹಿಡಿಸಿ ಡೋಲು ಸೇರಿಸಿದರು. ವಿದ್ಯಾರ್ಥಿಗಳು ಏನೆಂದು ತಿಳಿಯದೆಯೇ ಸೇರಿಕೊಂಡರು. ಇಡೀ ಜಿಮ್ಮು “ಎದ್ದೇಳು, ಧಮ್! ಎದ್ದೇಳು, ಧಮ್!” ಎನ್ನತೊಡಗಿತು. ಈ ಆಟದಲ್ಲಿ ಕಡ್ಡಾಯವಾಗಿ ಮಾಡಬಾರದ ಕೆಲಸವೊಂದಿದ್ದರೆ ಅದು ಏಳುವುದು. ಆಸನದಿಂದ ಅಂಡು ಎತ್ತಿದರೆ ತಪ್ಪು. ಎದುರಾಳಿಗೆ ಯಾರೂ ಅಡ್ಡ ಬಾರದ ಬಿಟ್ಟಿ ಎಸೆತ, ಬಿದ್ದರೆ ಒಂದು ಅಂಕ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು, ಇವರು ಒಂದು ಅಂಕ ಮುಂದೆ. ಬುಟ್ಟಿಯ ಬಳೆಗೆ ತಗಲಿ ಪುಟಿದ ಚೆಂಡು ಎಲ್ಡನ್ನನ ತಲೆಯ ಮೇಲೆ, ಬೆರಳಿಗೆ ಸಿಕ್ಕೂ ಸಿಗದಷ್ಟು ಎತ್ತರದಲ್ಲಿ ತೇಲಿತು. “ಎದ್ದೇಳು!” ಎಂದಿತು ಜಿಮ್ಮು. ಸೊಂಟದ ಪಟ್ಟಿ ಯಾವಾಗಲೋ ಸಡಿಲಾಗಿತ್ತು. ಜೀವಮಾನವಿಡೀ ಯಾರು ಏನು ಹೇಳಿದರೂ ತಲೆಯಾಡಿಸಿ ಬೆಳೆದ ದೇಹ ಅದು, ಎದ್ದಿತು. ಪೂರ್ತಿ ಏನಲ್ಲ, ಒಂದು ಅಂಗೈ ತೂರುವಷ್ಟು. ಚೆಂಡು ಸಿಕ್ಕಿತು, ಸೀಟಿಯೂ ಮೊಳಗಿತು. ಮೂರು ಸಾಲು ಹುಚ್ಚೆದ್ದು ಕುಣಿಯಿತು. ಮಿಲ್‌ಬ್ರೂಕ್‌ನವನು ಬಿಟ್ಟಿ ಎಸೆತ ಎಸೆದು ಅಂಕ ಸಮ ಮಾಡಿದ. ಎದುರು ತಂಡದವರಿಗೇಕೆ ಅಂಕ ಹೋಯಿತೆಂದು ತಿಳಿಯದ ಪಾದ್ರಿ ಅದಕ್ಕೂ ಚಪ್ಪಾಳೆ ತಟ್ಟಿದ.

ಕೋಚ್ ಡೆಂಕರ್ ಆಟ ನಿಲ್ಲಿಸಿ ಎಲ್ಲರನ್ನೂ ಕರೆದಳು. “ಎದ್ಯಾ? ನೀನು ಎದ್ಯಾ? ಮೂರು ವರ್ಷದಿಂದ ನಾನು ನಿನಗೆ ಹೇಳಿಕೊಟ್ಟಿದ್ದು ಒಂದೇ ವಿಷಯ, ಕೂತ್ಕೊಳ್ಳೋದು!” ಆಮೇಲೆ ಮೊದಲ ಸಾಲಿನ ಕಡೆ ನೋಡಿ, “ಯಾರೋ ಆ ಜನ? ಹೋಗಿ ಬಾಯಿ ಮುಚ್ಚಿಸಿ ಬಾ” ಎಂದಳು.

“ಕೋಚ್, ಅವರು ನನಗೋಸ್ಕರ...”

“ಅದಕ್ಕೇ ನೀನೇ ಹೋಗು!”

ಎಲ್ಡನ್ ಪಟ್ಟಿ ಬಿಚ್ಚಿ ಎದ್ದ. ಅವನು ಒಂದೊಂದು ಹೆಜ್ಜೆ ಇಟ್ಟಂತೆಯೂ ಆ ಮೂರು ಸಾಲು ಒಂದೊಂದು ಸ್ವರ ಮೇಲೇರಿತು. ಹೊದಿಕೆಯ ಒಂದು ತುದಿ ಹಿಡಿದಿದ್ದವನು ಅದನ್ನು ಬಿಟ್ಟು ಕೈ ಎತ್ತಿದ. ಹೊದಿಕೆ ಪಾದ್ರಿಯ ತಲೆಯ ಮೇಲೆ ಬಿತ್ತು. ಆ ಗದ್ದಲದಲ್ಲಿ ಎಲ್ಡನ್ ಮಿಸೆಸ್ ಟಟಲ್‌ಳ ಕಿವಿಗೆ ಬಾಯಿಟ್ಟು ಕಿರುಚಬೇಕಾಯಿತು.

“ನಾನು ಮೊದಲಿಂದಲೂ ನಡೀತೀನಮ್ಮಾ!”

“ಏನು?”

“ಮೊದಲಿಂದಲೂ! ನೀವು ಬೇಡ್ಕೊಳ್ಳೋಕೆ ಮುಂಚೆಯಿಂದಲೂ!”

ಆಕೆ ಹಿಂದೆ ಸರಿದು ಅವನ ಮುಖ ನೋಡಿದಳು. ಮುದಿ ಗಲ್ಲದ ಮೇಲೆ ಕೆಂಪೇರಿತು. “ಹಾಗಾದ್ರೆ ಆವತ್ತು ಕುರ್ಚೀಲಿ?”

“ಓಡೋಕಾಗಲ್ಲ. ಸ್ವಲ್ಪ ಹೊತ್ತು ನಿಲ್ಲೋಕಾಗುತ್ತೆ, ಆಮೇಲೆ ಆಗಲ್ಲ. ಹೇಳೋಣ ಅಂದ್ಕೊಂಡೆ. ನಿಮಗೆ ಎಷ್ಟು ಖುಷಿಯಾಗಿತ್ತು ಅಂದ್ರೆ...”

“ನನಗೆ ಖುಷಿಯಾಗ್ಲಿ ಅಂತ ನನ್ನ ಕೈಲಿ ಅಷ್ಟು ಜನರ ಮುಂದೆ ಮೈಕ್ ಹಿಡಿಸಿದ್ಯಾ? ನಾನು ಹೊಸ ಅಂಗಿ ತಗೊಂಡೆ ಕಣೋ ಅದಕ್ಕೆ!” ಆಕೆ ಅವನ ತೋಳಿಗೆ ಪಟಾರನೆ ಒಂದು ಕೊಟ್ಟಳು. ಉಜ್ಜಿಕೊಳ್ಳುವಷ್ಟು ನೋವಾಯಿತು. ಅವನಿಗೆ ಅಳು ಬರುವಂತಾಯಿತು, ಆದರೆ ಆ ಅಳುವಿನೊಳಗೆ ಏನೋ ಹಗುರವೂ ಇತ್ತು. ಕುಂಟನೆಂಬ ಮರುಕದಿಂದ ಇದುವರೆಗೆ ಯಾರೂ ಅವನಿಗೆ ಹೊಡೆದಿರಲಿಲ್ಲ. ಆಕೆ ಸುತ್ತ ನೋಡಿದಳು. ಪಾದ್ರಿ ಇನ್ನೂ ಹೊದಿಕೆಯಿಂದ ಹೊರಬರುತ್ತಿದ್ದ. ಅಷ್ಟರಲ್ಲಿ ಇವನನ್ನು ಕರೆಯಲು ಬಂದ ಕ್ವಿನ್ಸಿ ಗಕ್ಕನೆ ಗಾಲಿ ನಿಲ್ಲಿಸಿದ. ಆಕೆಯ ದೃಷ್ಟಿ ಅವನ ಸಣಕಲು ಕಾಲುಗಳ ಮೇಲೆ ಇಳಿಯಿತು.

“ನೀನು? ನೀನಾದ್ರೂ ನಿಜವಾಗ್ಲೂ...”

“ನಿಜವಾಗ್ಲೂ ಆಗಲ್ಲಮ್ಮಾ, ಆದ್ರೆ ದಯವಿಟ್ಟು ನನ್ನ ತಂಟೆಗೆ ಬರಬೇಡಿ!” ಕ್ವಿನ್ಸಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. “ನಾನು ಒಂದು ಪಾಯಿಂಟಿನವನು. ನೀವು ಬೇಡ್ಕೊಂಡು, ನಾನು ಎದ್ದುಬಿಟ್ರೆ ನಾಲ್ಕೂವರೆ ಆಗ್ತೀನಿ, ಐದು ಜನರದ್ದು ಸೇರಿ ಹದಿನಾಲ್ಕು ದಾಟುತ್ತೆ, ಕೋಚ್ ನನ್ನ ಹೊರಗೆ ಕೂರಿಸ್ತಾಳೆ. ಟೂರ್ನಿ ಮುಗಿಯೋವರೆಗೂ ಸುಮ್ಮನಿರೋಕೆ ಹೇಳಿ ದೇವರಿಗೆ.”

ಮಿಸೆಸ್ ಟಟಲ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗಂಟಲಿನೊಳಗಿಂದ ಏನೋ ಸದ್ದು ಬಂತು. ಅಳುತ್ತಿದ್ದಾಳೆಂದು ಎಲ್ಡನ್ ಹೆದರಿದ. ನಗುತ್ತಿದ್ದಳು. ಟೊಪ್ಪಿಗೆಯ ಕುಚ್ಚು ಕುಣಿಯುವಷ್ಟು. “ನೀನು ಹೋಗು, ಕೂತ್ಕೋ” ಎಂದಳು ಕೊನೆಗೆ. “ಅಂಗಿ ವಿಷಯ ಆಮೇಲೆ ಮಾತಾಡ್ತೀನಿ.”

ಕೊನೆಯ ಗಳಿಗೆಯಲ್ಲಿ ಅಂಕ ಸಮವಾಗಿಯೇ ಇತ್ತು. ಕ್ವಿನ್ಸಿ ತೆರೆದ ಬಿರುಕಿನಲ್ಲಿ ನುಗ್ಗಿದ ಎಲ್ಡನ್ನನ ಕುರ್ಚಿಗೆ ಮಿಲ್‌ಬ್ರೂಕ್‌ನ ಭಾರಿ ಆಳು ಪಕ್ಕದಿಂದ ಗುದ್ದಿದ; ಕುರ್ಚಿ ಮಗುಚಿ, ಪಟ್ಟಿ ಬಿಗಿದಿದ್ದ ಎಲ್ಡನ್ ಅದರ ಸಮೇತ ಮಗ್ಗುಲಾಗಿ ಬಿದ್ದ. ಸೀಟಿ. ಎರಡು ಬಿಟ್ಟಿ ಎಸೆತ. ಒಂದು ಬಿದ್ದರೆ ಸಾಕು. ಅವನು ನೆಲಕ್ಕೆ ಕೈಯೂರಿ, ಕುರ್ಚಿಯ ಸಮೇತ ತನ್ನನ್ನು ನೇರಮಾಡಿಕೊಂಡು, ಗೆರೆಯ ಹತ್ತಿರ ಬಂದ. “ಎದ್ದೇಳು!” ಎಂದು ಪಾದ್ರಿ ಶುರುಮಾಡಿದ. ಆಗ ಮೊದಲ ಸಾಲಿನಲ್ಲಿ ಉಣ್ಣೆಯ ಟೊಪ್ಪಿಗೆ ಎದ್ದು ನಿಂತು, ಎಲ್ಲರ ಕಡೆ ತಿರುಗಿ, ನೆಲಮಾಳಿಗೆಯಿಂದ ಮೇಲಿನವರೆಗೆ ಕೇಳಿಸುವಂತೆ ಕಾಫಿಗೆ ಕರೆದು ಪಳಗಿದ ದನಿಯಲ್ಲಿ ಕೂಗಿತು:

“ಬಾಯಿ ಮುಚ್ರೋ ಎಲ್ಲ! ಏಳೋ ಹಾಗಿಲ್ಲ ಅವನು! ಕೂತ್ಕೊಂಡೇ ಹಾಕ್ಬೇಕು! ಕೂತ್ಕೋ ಕಂದಾ! ಕೂತ್ಕೋ!”

ಮೂರು ಸಾಲು ಗೊಂದಲದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಅಷ್ಟು ವರ್ಷ ಆಕೆಯ ಕಾಫಿ ಕುಡಿದವರು. “ಕೂತ್ಕೋ!” ಎಂದರು. ಧಮ್ ಎಂದಿತು ಡೋಲು. ಆಗಲೇ ಕೂತಿದ್ದ ಎಲ್ಡನ್ನನಿಗೆ ಇಡೀ ಜಿಮ್ಮು ಕೂತ್ಕೋ, ಕೂತ್ಕೋ ಎಂದು ಅಂಗಲಾಚುತ್ತಿತ್ತು. ಅವನಿಗೆ ತಡೆಯಲಾಗದೆ ನಗು ಬಂತು, ಮೊದಲ ಚೆಂಡು ಬಳೆಯನ್ನೂ ಮುಟ್ಟದೆ ಎಲ್ಲೋ ಹೋಯಿತು. “ಮೊಣಕೈ ಹೊರಗೆ ಹೋಯ್ತು, ದಡ್ಡ!” ಎಂದಳು ಮಿಸೆಸ್ ಟಟಲ್. “ಕತ್ತೆ!” ಎಂದ ಕ್ವಿನ್ಸಿ. ಕೋಚ್ ಡೆಂಕರ್ ಹೇಳಿದ್ದನ್ನು ಬ್ಯಾಂಡಿನವರ ಪುಣ್ಯದಿಂದ ಚರ್ಚಿನವರು ಕೇಳಿಸಿಕೊಳ್ಳಲಿಲ್ಲ. ಎಲ್ಡನ್ ಎರಡೂ ಕೈಯಿಂದ ಗಾಲಿಗಳನ್ನು ಸರಿಮಾಡಿಕೊಂಡ. ಎಲ್ಲರೂ ಬೈಯುತ್ತಿದ್ದರು, ಮೊಣಕೈಯನ್ನು ಬೈಯುತ್ತಿದ್ದರು, ಕಣ್ಣನ್ನು ಬೈಯುತ್ತಿದ್ದರು, ಕಾಲಿನ ಸುದ್ದಿ ಯಾರ ಬಾಯಲ್ಲೂ ಇರಲಿಲ್ಲ. ಆಸನದ ಮೇಲೆ ಭಾರವೆಲ್ಲ ಬಿಟ್ಟು ಅವನು ಎಸೆದ. ಚೆಂಡು ಬುಟ್ಟಿಯ ಹಿಂದಿನ ಹಲಗೆಗೆ ಬಡಿದು, ಬಳೆಯ ಮೇಲೆ ಕುಡುಕನ ಹಾಗೆ ಸುತ್ತು ಹಾಕಿ, ಹೊರಗೆ ವಾಲಿ, ಮನಸ್ಸು ಬದಲಿಸಿ ಒಳಗೆ ಬಿತ್ತು.

ಆಮೇಲಿನ ಗದ್ದಲದಲ್ಲಿ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡಿದ್ದ ಪಾದ್ರಿ ಅಂಗಳಕ್ಕೇ ಇಳಿದು ಬಂದು, ಎರಡೂ ಕೈ ಚಾವಣಿಗೆ ಎತ್ತಿ, “ನೋಡಿದ್ರಾ! ಎಸೆದದ್ದು ಇವನಲ್ಲ! ಹಾಕಿದ್ದು ದೇವರು!” ಎಂದ.

ಕ್ವಿನ್ಸಿ ಗಾಲಿ ತಿರುಗಿಸಿ ಅವನಿಗೂ ಎಲ್ಡನ್ನನಿಗೂ ನಡುವೆ ತಂದು ನಿಲ್ಲಿಸಿದ.

“ಇಲ್ಲ ಸ್ವಾಮಿ. ದೇವರು ಹಾಕಿದ್ದಾಗಿದ್ರೆ ಎರಡೂ ಬೀಳ್ತಿದ್ವು. ಇದು ಇವನೇ.”